ಗೋಣಿ ಮುಚ್ಚಿ ಹರಿಹರಕ್ಕೆ

ನನ್ನ ಓರಗಿತ್ತಿ ಮರುಳಸಿದ್ದಮ್ಮನಿಗೆ ಹೆದರಿಕೆ ಅನ್ನುವುದೇ ಇರಲಿಲ್ಲವಂತೆ. ದಾವಣಗೆರೆಯಲ್ಲಿ ಈಗಲೂ ಹಾಗೆ ಹೇಳುವವರಿದ್ದಾರೆ. ಕೇಳಿದರೆ ನನಗೆ ಮೈ ಉರಿಯುತ್ತದೆ. ಹೆದರದವಳು ಮಂಡಕ್ಕಿ ಭಟ್ಟಿ ನಡೆಸಿದರೆ ಅದರಲ್ಲೇನು ಹೆಚ್ಚುಗಾರಿಕೆ? ಅಕ್ಕ ಹೆದರಿ ಹೆದರಿಯೇ ನಡೆಸಿದಳು. ಪಕ್ಕದಲ್ಲಿದ್ದು ಕಂಡವಳು ನಾನು.

ಐವತ್ತೆಂಟನೇ ಇಸವಿಯಲ್ಲಿ ಅವಳ ಗಂಡ, ಬಕ್ಕೇಶಪ್ಪ ಭಾವ ತೀರಿಕೊಂಡಾಗ ಮನೆಯ ಮಂಡಕ್ಕಿ ಭಟ್ಟಿ ಅವಳ ಕೈಗೆ ಬಂತು. ಮುಚ್ಚಿಬಿಡು ಎಂದು ಬಳಗವೆಲ್ಲ ಹೇಳಿತು. ಅವಳು ಮುಚ್ಚಲಿಲ್ಲ. ಆದರೆ ಅಂದಿನಿಂದ ಅವಳ ಎದೆ ಡವಡವ ಅನ್ನುವುದೂ ನಿಲ್ಲಲಿಲ್ಲ. ಲಿಂಗಪೂಜೆಗೆ ಕೂತರೂ ಕಿವಿ ಭಟ್ಟಿಯ ಕಡೆಗೇ. ಒಲೆಗೆ ಹೊಟ್ಟು ಹಾಕಿದರೋ ಇಲ್ಲವೋ, ಮರಳು ಕಾಯಿತೋ ಇಲ್ಲವೋ. ಊಟಕ್ಕೆ ಕೂತರೆ ಎರಡು ತುತ್ತಿಗೆ ಎದ್ದು ಓಡುತ್ತಿದ್ದಳು. ಅವಳ ತಟ್ಟೆ ಮುಚ್ಚಿಟ್ಟು ಮುಚ್ಚಿಟ್ಟು ನನಗೆ ಸಾಕಾಗಿತ್ತು.

ಮಂಡಕ್ಕಿ ಕೆಲಸದಲ್ಲಿ ಒಂದು ಘಳಿಗೆ ಇದೆ. ಅಕ್ಕಿಗೆ ಉಪ್ಪುನೀರು ಬೆರೆಸಿ, ರಾಶಿ ಮಾಡಿ, ಒದ್ದೆ ಗೋಣಿ ಮುಚ್ಚಿದ ಮೇಲೆ ಎರಡು ತಾಸು ಅದನ್ನು ಮುಟ್ಟಬಾರದು. ನೀರು ಕಾಳಿನೊಳಗೆ ಇಳಿಯಬೇಕು. ಅಕ್ಕನಿಗೆ ಆ ಎರಡು ತಾಸು ಪ್ರಾಣಸಂಕಟ. ಹೋಗಿ ಗೋಣಿ ಎತ್ತುವುದು, ನಾಲ್ಕು ಕಾಳು ಬಾಯಿಗೆ ಹಾಕಿಕೊಳ್ಳುವುದು, ಮುಚ್ಚುವುದು, ಮತ್ತೆ ಎತ್ತುವುದು.

ಆ ವರ್ಷ ಹರಿಹರದ ವ್ಯಾಪಾರಿ ಮುರುಗೇಶಪ್ಪನವರು ಉಕ್ಕಡಗಾತ್ರಿಯ ಅಮಾವಾಸ್ಯೆ ಜಾತ್ರೆಗೆಂದು ಮೂವತ್ತು ಚೀಲ ಹೇಳಿದ್ದರು. ಭಾವನ ಕಾಲದಿಂದ ಬಂದ ಗಿರಾಕಿ. ಮಾದರಿಗೆ ಕಳಿಸಿದ ಎರಡು ಚೀಲ ಹಾಗೆಯೇ ವಾಪಸ್ ಬಂದವು. ಅರ್ಧ ಅರಳಿತ್ತು, ಅರ್ಧ ಕಲ್ಲು. ಜೊತೆಗೆ ಒಂದು ಚೀಟಿ: ಇನ್ನೊಂದು ಸಲ ನೋಡುತ್ತೇನೆ, ಆಗದಿದ್ದರೆ ಬೇರೆ ಭಟ್ಟಿ. ಮುರುಗೇಶಪ್ಪ ಬಿಟ್ಟರೆಂದರೆ ಉಳಿದವರೂ ಬಿಡುತ್ತಾರೆ, ಭಟ್ಟಿಗೆ ಬೀಗವೇ ಗತಿ.

ಭಟ್ಟಿಯ ಮುಖ್ಯ ಆಳು ಮೌಲಾ ಸಾಬರು ಬಾಗಿಲ ಬಳಿ ನಿಂತು ಮೆಲ್ಲಗೆ ಹೇಳಿದರು. "ಅಮ್ಮಾರೆ, ತಪ್ಪು ತಿಳ್ಕಾಬ್ಯಾಡ್ರಿ. ನೀವು ಗೋಣಿ ಎತ್ತಿ ಎತ್ತಿ ನೋಡ್ತೀರಿ. ಗಾಳಿ ತಾಗಿ ಮ್ಯಾಲಿನ ಅಕ್ಕಿ ಒಣಗ್ತೈತೆ. ಅದಕ್ಕ ಅರಳವಲ್ದು."

ನಾನು ಸಿಡಿಮಿಡಿಗೊಂಡೆ. ಅಕ್ಕ ಮಾತ್ರ ಕೇಳಿದಳು. "ಹಂಗಾರೆ ಆ ಎರಡು ತಾಸು ನಾನೇನು ಮಾಡ್ಲಿ? ಇಲ್ಲಿದ್ರೆ ಕೈ ಸುಮ್ನಿರಲ್ಲ."

"ಇಲ್ಲಿರಬ್ಯಾಡ್ರಿ" ಎಂದರು ಮೌಲಾ ಸಾಬರು.

ಅಮಾವಾಸ್ಯೆಗೆ ಎರಡು ದಿನ ಮುಂಚೆ ಬೆಳಿಗ್ಗೆ ಉಪ್ಪುನೀರು ಬೆರೆಸಿದ್ದಾಯಿತು. ಹುರಿದು, ಚೀಲ ತುಂಬಿ, ಸಂಜೆಗೆ ಲಾರಿಯಲ್ಲಿ ಹರಿಹರಕ್ಕೆ ತರುವುದು ಮೌಲಾ ಸಾಬರ ಹೊಣೆ. ಗೋಣಿ ಮುಚ್ಚುತ್ತಿದ್ದಂತೆ ಅಕ್ಕ ಸೆರಗು ಸರಿಮಾಡಿಕೊಂಡು, "ನಡಿ ಕಸ್ತೂರಿ" ಎಂದು ನನ್ನನ್ನೂ ಎಳೆದುಕೊಂಡು ಸ್ಟೇಷನ್ನಿಗೆ ಹೊರಟಳು. ಹರಿಹರದ ರೈಲು ಹತ್ತಿದೆವು. ದಾರಿಯುದ್ದಕ್ಕೂ ಅವಳು ಕಿಟಕಿಯ ಸರಳು ಹಿಡಿದ ಕೈ ಬಿಡಲಿಲ್ಲ.

ಹರಿಹರದಲ್ಲಿ ಇಳಿದ ಮೇಲೆ ತಳಮಳ ಶುರುವಾದದ್ದು ನನಗೆ. ಮೌಲಾ ಸಾಬರಿಗೆ ಜ್ವರ ಬಂದರೆ? ಮಳೆ ಬಂದರೆ? "ಅಕ್ಕ, ಮುಂದಿನ ಗಾಡಿಗೆ ವಾಪಸ್ ಹೋಗಾಣ" ಎಂದೆ.

"ನನ್ನ ಎದೆ ಕೇಳು, ನಿನಗೂ ಕೇಳಿಸ್ತೈತೆ" ಎಂದಳು. "ಬಡಕಳ್ಲಿ. ಅದು ಅದರ ಕೆಲಸ ಮಾಡ್ಲಿ, ನಾನು ನನ್ನ ಕೆಲಸ ಮಾಡ್ತೀನಿ."

ಹಾಗೆಂದವಳೇ ಪೇಟೆಗೆ ನುಗ್ಗಿದಳು. ಆಗ ಹರಿಹರದಲ್ಲಿ ಕಾರ್ಖಾನೆ ಕೆಲಸಗಾರರು ಹೆಚ್ಚುತ್ತಿದ್ದರು. ಸಂಜೆ ಪಾಳಿ ಬಿಟ್ಟವರಿಗೆ ಖಾರ ಮಂಡಕ್ಕಿ ಬೇಕೇ ಬೇಕು. ಅಕ್ಕ ಒಂದೊಂದೇ ಚಹಾದಂಗಡಿಯ ಮೆಟ್ಟಿಲು ಹತ್ತಿದಳು. "ದಾವಣಗೆರೆ ಬಕ್ಕೇಶಪ್ಪನವರ ಭಟ್ಟಿ ನಮ್ದು. ವಾರಕ್ಕೆ ಎಷ್ಟು ಚೀಲ ಬೇಕ್ರಿ?" ಸೆರಗಿನೊಳಗೆ ಮುಷ್ಟಿ ಕಟ್ಟಿದ್ದಳು, ದನಿ ಮಾತ್ರ ಗಟ್ಟಿ. ಬಿಸಿಲು ಇಳಿಯುವಷ್ಟರಲ್ಲಿ ಐದು ಅಂಗಡಿ ಒಪ್ಪಿದ್ದವು. ನನ್ನ ಕಾಲು ಬಿದ್ದುಹೋಗಿದ್ದವು. ಅವಳೋ ಖಾನಾವಳಿಯಲ್ಲಿ ಕೂತು, ಭಟ್ಟಿ ಕೈಗೆ ಬಂದ ಮೇಲೆ ಮೊದಲ ಸಲ ಪೂರ್ತಿ ಊಟ ಮಾಡಿದಳು, ಮೊಸರನ್ನ ಮತ್ತೊಮ್ಮೆ ಹಾಕಿಸಿಕೊಂಡಳು.

ಆಮೇಲೆ ಮುರುಗೇಶಪ್ಪನವರ ಅಂಗಡಿಯ ಮುಂದೆ ಕಾದು ಕೂತೆವು. ದೀಪ ಹಚ್ಚುವ ಹೊತ್ತಿಗೆ ಲಾರಿ ಬಂತು. ಚೀಲಗಳ ಮೇಲೆ ಮೌಲಾ ಸಾಬರು ಕೂತಿದ್ದರು. ಅವರ ಮುಖದಿಂದ ಏನೂ ತಿಳಿಯಲಿಲ್ಲ.

ಮುರುಗೇಶಪ್ಪ ಒಂದು ಚೀಲದ ಹೊಲಿಗೆ ಬಿಚ್ಚಿ, ಒಂದು ಹಿಡಿ ತೆಗೆದು ಅಕ್ಕನ ಮುಂದೆ ಹಿಡಿದರು. "ಮೊದ್ಲು ನೀವ ನೋಡ್ರಿ."

ಅಕ್ಕ ಕೈ ಚಾಚಲಿಲ್ಲ. "ನಾನು ನೋಡಾದೇನೈತ್ರಿ? ಮೌಲಾ ಸಾಬ್ರು ನೋಡಿ ತಂದಾರೆ" ಎಂದಳು.

ಮುರುಗೇಶಪ್ಪ ತಾವೇ ಬಾಯಿಗೆ ಹಾಕಿಕೊಂಡರು. ಒಂದು ಗಟ್ಟಿ ಕಾಳೂ ಹಲ್ಲಿಗೆ ಸಿಗಲಿಲ್ಲವೆಂದು ಅವರು ಎರಡನೆಯ ಹಿಡಿಗೆ ಕೈ ಹಾಕಿದ್ದರಲ್ಲೇ ಗೊತ್ತಾಯಿತು. "ಇಳಸ್ರಪ್ಪ ಎಲ್ಲಾ" ಎಂದು ಹಮಾಲರಿಗೆ ಕೂಗಿದರು.

ಮೌಲಾ ಸಾಬರು ಇಳಿದು ಬಂದು ಅಕ್ಕನ ಎದುರು ನಿಂತರು. ಹೆಗಲ ವಸ್ತ್ರದಿಂದ ಕಣ್ಣು ಒರೆಸಿಕೊಂಡರು. "ಸಾವ್ಕಾರ್ರ ಕಾಲದಿಂದ ಇಪ್ಪತ್ತೆರಡು ವರ್ಷ ಆತು ಅಮ್ಮಾರೆ. ಭಟ್ಟಿ ನನ್ನ ಕೈಗೆ ಬಿಟ್ಟು ಊರು ದಾಟಿದೋರು ನೀವ ಮೊದ್ಲು."

ಭಾವ ತೀರಿಕೊಂಡಾಗ ಹತ್ತು ಜನರ ಮುಂದೆ ಅಳದಿದ್ದ ಅಕ್ಕ ಅಂದು ಹರಿಹರದ ಬಜಾರಿನಲ್ಲಿ ನಿಂತು ಅತ್ತಳು. ನಾನೂ ಅತ್ತೆ.