ಎರಡು ಉತ್ತರಪತ್ರಿಕೆ, ಒಂದೇ ಕೈ

ತಾವು ಕಲಿಸುತ್ತಿದ್ದ ಶಾಲೆ ಮುಚ್ಚಿದ ಮೇಲೆ ಟೀಚರಮ್ಮ ಧಾರಾವಾಹಿಯೊಂದರ ಸೆಟ್ಟಿನಲ್ಲಿ ಪಾಠ ಹೇಳಲು ಸೇರಿದರು. ಅಲ್ಲಿ ಮಕ್ಕಳೆಂದರೆ ಇಬ್ಬರೇ, ಏಳು ವರ್ಷದ ಅವಳಿ ಹುಡುಗಿಯರು. ಕತೆಯಲ್ಲಿ ಇದ್ದದ್ದು ಒಂದೇ ಮಗು. ಮಗುವನ್ನು ದಿನಕ್ಕೆ ಇಷ್ಟೇ ಹೊತ್ತು ಕ್ಯಾಮೆರಾ ಮುಂದೆ ನಿಲ್ಲಿಸಬೇಕು, ಮೂರು ಗಂಟೆ ಪಾಠ ಹೇಳಿಸಬೇಕು ಎಂದು ಕಾನೂನಿತ್ತು. ಒಬ್ಬಳು ನಟಿಸುವಾಗ ಇನ್ನೊಬ್ಬಳು ಓದಲಿ ಎಂದು ಒಂದೇ ಪಾತ್ರಕ್ಕೆ ಇಬ್ಬರನ್ನೂ ಹಾಕಿಕೊಂಡಿದ್ದರು.

ಮೇಕಪ್ ಕೋಣೆಯ ಮೂಲೆಯಲ್ಲಿ, ವಿಗ್ಗು ತೂಗುಹಾಕುವ ಗೂಟಗಳ ಕೆಳಗೆ, ಒಂದು ಮೇಜು ಹಾಕಿ ಅದನ್ನೇ ಶಾಲೆ ಎಂದರು. ಮೊದಲ ತಿಂಗಳು ಸರದಿ ಸರಿಯಾಗಿಯೇ ನಡೆಯಿತು. ಆದರೆ ಹನ್ನೊಂದು ನಿಮಿಷ ಮೊದಲು ಹುಟ್ಟಿದ ದೊಡ್ಡವಳು, ‘ಅಳು’ ಅಂದರೆ ಸಾಕು, ಕಣ್ತುಂಬಾ ನೀರು ತಂದುಕೊಳ್ಳುತ್ತಿದ್ದಳು. ಮಾತು ಒಮ್ಮೆ ಹೇಳಿಕೊಟ್ಟರೆ ಗಿಳಿಯ ಹಾಗೆ ಒಪ್ಪಿಸುತ್ತಿದ್ದಳು. ಚಿಕ್ಕವಳೋ, ಮೈಮೇಲೆ ಲೈಟು ಬಿದ್ದರೆ ಮರದ ಗೊಂಬೆ. ಕ್ರಮೇಣ ದೊಡ್ಡವಳು ಸೆಟ್ಟಿನಲ್ಲೇ ಉಳಿದಳು, ಚಿಕ್ಕವಳು ಮೇಜಿನ ಮುಂದೆ. ಹಾಜರಿ ಪುಸ್ತಕದಲ್ಲಿ ಮಾತ್ರ ಇಬ್ಬರಿಗೂ ಮೂರು ಮೂರು ಗಂಟೆ.

“ಇದಕ್ಕೆ ನಾನು ಹೇಗೆ ಸಹಿ ಹಾಕ್ಲಿ?” ಎಂದು ಟೀಚರಮ್ಮ ಮ್ಯಾನೇಜರನನ್ನು ಕೇಳಿದರು.

“ಇಬ್ಬರದೂ ಒಂದೇ ಮುಖ ಮೇಡಂ, ಯಾರು ಓದಿದ್ರೇನು?” ಅವನು ನಕ್ಕ. “ಕಷ್ಟ ಆದ್ರೆ ಹೇಳಿಬಿಡಿ, ಬೇರೆಯವರನ್ನ ನೋಡ್ಕೋತೀವಿ.”

ಐವತ್ತೆರಡನೇ ವಯಸ್ಸಿಗೆ ಇನ್ನೊಂದು ಕೆಲಸ ಹುಡುಕುವ ತ್ರಾಣ ಅವರಿಗಿರಲಿಲ್ಲ. ನಾನಿದ್ದರೆ ಒಂದು ಮಗುವಾದರೂ ಓದೀತು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಮೊದಲ ಸಹಿಗೆ ಕೈ ತಡೆಯಿತು. ಹತ್ತನೆಯದಕ್ಕೆ ತಡೆಯಲಿಲ್ಲ.

ವರ್ಷದ ಕೊನೆಗೆ ಪರೀಕ್ಷೆಯನ್ನೂ ಅವರೇ ನಡೆಸಿ ಶಿಕ್ಷಣ ಇಲಾಖೆಗೆ ಅಂಕ ಕಳಿಸಬೇಕಿತ್ತು. ಅಂದು ದೊಡ್ಡವಳಿಗೆ ಬೆಳಗಿನಿಂದ ಶೂಟಿಂಗು. “ಅಕ್ಕಂದೂ ಇವಳೇ ಬರೀತಾಳೆ ಬಿಡಿ ಮೇಡಂ” ಎಂದು ತಾಯಿ ಹೇಳಿ ಹೋದಳು. ಚಿಕ್ಕವಳು ತನ್ನದು ಮುಗಿಸಿ, ಎರಡನೆಯದನ್ನು ಅಕ್ಷರ ವಾಲಿಸಿ ಬರೆದಳು. ಎರಡು ಲೆಕ್ಕ ಬೇಕೆಂದೇ ತಪ್ಪು ಮಾಡಿದಳು.

“ಇದ್ಯಾಕೆ ಹೀಗೆ?”

“ಅಕ್ಕಂಗೆ ಅಷ್ಟೊಂದು ಬರಲ್ಲ ಅಲ್ವಾ ಟೀಚರ್. ಎಲ್ಲ ಸರಿ ಇದ್ರೆ ಅನುಮಾನ ಬರುತ್ತೆ.”

ಅಷ್ಟು ಚಿಕ್ಕ ಬಾಯಲ್ಲಿ ಈ ಮಾತು ಕೇಳಿ ಟೀಚರಮ್ಮ ಕೈಯಲ್ಲಿದ್ದ ಕೆಂಪು ಪೆನ್ನು ಕೆಳಗಿಟ್ಟರು. ಆದರೂ ಎರಡಕ್ಕೂ ಅಂಕ ಹಾಕಿ ಕಳಿಸಿದರು. ಹೀಗೇ ಮೂರು ವರ್ಷ.

ಕತೆ ಒಮ್ಮೆಲೇ ಹದಿನೈದು ವರ್ಷ ಮುಂದಕ್ಕೆ ಹಾರಿದಾಗ ಆ ಪಾತ್ರಕ್ಕೆ ಪ್ರಾಯದ ನಟಿ ಬಂದಳು. ಟೀಚರಮ್ಮ ಅದೇ ಕಂಪನಿಯ ಇನ್ನೊಂದು ಸೆಟ್ಟಿಗೆ ಪಾಠ ಹೇಳಲು ಹೋದರು, ಅವಳಿಗಳನ್ನು ಊರಿನ ಶಾಲೆಯ ಐದನೇ ತರಗತಿಗೆ ಸೇರಿಸಿದರು. ಮೊದಲ ದಿನವೇ ಮೇಷ್ಟ್ರು ದೊಡ್ಡವಳ ಕೈಗೆ ಪುಸ್ತಕ ಕೊಟ್ಟು ಓದು ಎಂದರು. ಟಿವಿಯ ಹುಡುಗಿ ಎಂದು ಮಕ್ಕಳೆಲ್ಲ ಕತ್ತು ಚಾಚಿದರು. ಅವಳು ಪುಟ ನೋಡಿದಳು, ಮೇಷ್ಟ್ರ ಮುಖ ನೋಡಿದಳು, ಏನಾದರೂ ಹೇಳಿಕೊಟ್ಟಾರು ಎಂದು ಕಾದಳು. ಯಾರೂ ಹೇಳಿಕೊಡದಿದ್ದಾಗ ಅತ್ತಳು. ಎಷ್ಟು ಚೆನ್ನಾಗಿ ಅತ್ತಳೆಂದರೆ ಮಕ್ಕಳು ಚಪ್ಪಾಳೆ ತಟ್ಟಿದರು.

ಚಿಕ್ಕವಳು ಫೋನಿನಲ್ಲಿ ಇದನ್ನು ಹೇಳಿದ ಮೇಲೆ ಟೀಚರಮ್ಮನಿಗೆ ಊಟ ಸೇರಲಿಲ್ಲ. ಮರುದಿನವೇ ಶಾಲೆಗೆ ಹೋಗಿ ನಡೆದದ್ದನ್ನೆಲ್ಲ ಒಪ್ಪಿಕೊಂಡರು. ವಿಚಾರಣೆ ನಡೆಯಿತು. ಧಾರಾವಾಹಿಯವರು ಹಾಜರಿ ಪುಸ್ತಕದಲ್ಲಿದ್ದ ಅವರ ಸಹಿ ತೋರಿಸಿ ಕೈತೊಳೆದುಕೊಂಡರು. ಕೆಲಸ ಹೋದದ್ದು ಟೀಚರಮ್ಮನದು.

ಅವಳಿಗಳ ಮನೆಗೆ ಹೋದರೆ ತಾಯಿ ಬಾಗಿಲಲ್ಲೇ ತಡೆದಳು. “ನೀವು ಬಾಯಿ ಮುಚ್ಕೊಂಡಿದ್ದಿದ್ರೆ ಹೇಗೋ ನಡ್ಕೊಂಡು ಹೋಗ್ತಿತ್ತು.”

“ತಪ್ಪು ನಂದೂ ಇದೆ, ನೋಡಮ್ಮ. ದಿನಾ ಒಂದು ಗಂಟೆ ಅವಳನ್ನ ನನ್ನ ಹತ್ರ ಬಿಡು.”

ತಾಯಿ ಬೇಡವೆನ್ನಲಿಲ್ಲ, ಒಳಗೆ ಕರೆಯಲೂ ಇಲ್ಲ. ಮೆಟ್ಟಿಲ ಮೇಲೆ ಪಾಠ ಶುರುವಾಯಿತು. ವಾರದಲ್ಲೇ ದೊಡ್ಡವಳು ಒಂದು ಪುಟ ಗಡಗಡನೆ ಓದಿದಳು, ಟೀಚರಮ್ಮ ಹಿಗ್ಗಿಹೋದರು. ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಕೇಳಿದರೆ, ಹುಡುಗಿ ಪದ ಬಿಟ್ಟು ಅವರ ಮುಖ ನೋಡಿದಳು. ತಂಗಿ ಓದಿದ್ದನ್ನು ಕೇಳಿ ಬಾಯಿಪಾಠ ಮಾಡಿದ್ದಳು. ಅಂದಿನಿಂದ ಟೀಚರಮ್ಮ ತಮ್ಮ ಮುಖ ಕಾಣದ ಹಾಗೆ ಅವಳ ಹಿಂದಿನ ಮೆಟ್ಟಿಲಲ್ಲಿ ಕೂತು ಹೇಳಿಕೊಡತೊಡಗಿದರು. ಒಂದೊಂದು ಅಕ್ಷರವೂ ಹಲ್ಲು ಕಿತ್ತಷ್ಟು ಕಷ್ಟ.

ನಾಲ್ಕು ತಿಂಗಳಾದ ಮೇಲೆ ಒಂದು ದಿನ ಚಿಕ್ಕವಳೊಬ್ಬಳೇ ಮೆಟ್ಟಿಲ ಮೇಲೆ ಕೂತಿದ್ದಳು. “ಅಕ್ಕಂಗೆ ಹೊಸ ಧಾರಾವಾಹಿ ಸಿಕ್ತು ಟೀಚರ್. ಒಬ್ಬಳನ್ನೇ ಕರ್ಕೊಂಡ್ರು.”

ಟೀಚರಮ್ಮ ಆ ಸೆಟ್ಟನ್ನು ಹುಡುಕಿಕೊಂಡು ಹೋದರು. ವಾಚ್‌ಮನ್ ಒಳಗೆ ಬಿಡಲಿಲ್ಲ. ಕಾಡಿಬೇಡಿ, ಅಲ್ಲಿ ಪಾಠ ಹೇಳುವವಳನ್ನು ಗೇಟಿಗೆ ಕರೆಸಿದರು. ಇಪ್ಪತ್ತೈದರ ಹೆಣ್ಣುಮಗಳು.

“ಇಲ್ಲಿ ಹೊಸದಾಗಿ ಬಂದಿರೋ ಹುಡುಗಿಗೆ ಓದೋಕೆ ಬರಲ್ಲಮ್ಮ. ನಿನ್ನ ಮುಖ ನೋಡಿ ಹೇಳಿಬಿಡ್ತಾಳೆ. ಹಿಂದೆ ಕೂತು ಹೇಳಿಕೊಡು.”

“ಅವಳು ನನ್ನ ಹತ್ರ ಬಂದ್ರೆ ತಾನೇ ಮೇಡಂ? ವಾರ ಆಯ್ತು, ನಾನಿನ್ನೂ ಅವಳನ್ನ ನೋಡೇ ಇಲ್ಲ.”

ಒಳಗಿನಿಂದ ಯಾರೋ ಕೂಗಿದರು. ಆಕೆ ತಿರುಗಿದವಳು ಮತ್ತೆ ನಿಂತು, “ಎಲ್ಲಿವರೆಗೆ ಆಗಿದೆ?” ಎಂದು ಕೇಳಿದಳು.

“ಕಾಗುಣಿತ ಮುಗೀತು. ಒತ್ತಕ್ಷರ ಶುರು ಮಾಡಿಲ್ಲ.”

ಆಕೆ ಅಂಗೈ ಮೇಲೆ ಅದನ್ನು ಪೆನ್ನಿನಲ್ಲಿ ಬರೆದುಕೊಂಡು ಒಳಗೆ ಓಡಿದಳು. ಹಿಂದೆಯೇ ವಾಚ್‌ಮನ್ ಗೇಟು ಎಳೆದುಕೊಂಡ.