ತಪ್ಪು ಉತ್ತರ ಬರೆದುಕೊಳ್ಳುತ್ತಿದ್ದ ಪ್ರೊಫೆಸರರು

ಮಕ್ಕಳ ಬೆಂಚಿನ ಮೇಲೆ ಕೂತರೆ ಅವರ ಮೊಣಕಾಲು ಎದೆಯವರೆಗೆ ಬರುತ್ತಿದ್ದವು. ಆರಡಿ ಮೀರಿದ ಎತ್ತರ, ಅಗಲ ಅಂಗೈ, ಕಿವಿಯ ಮೇಲೆ ಬಿಳಿ ಕೂದಲಿನ ಪೊದೆ. ಐದನೇ ತರಗತಿಯ ಹುಡುಗಿಯರ ನಡುವೆ ಹಿಂದಿನ ಬೆಂಚಿನಲ್ಲಿ ಅವರು ಮೈ ಮುದುಡಿಕೊಂಡು ಕೂತದ್ದನ್ನು ಮೊದಲ ದಿನ ನೋಡಿದಾಗ ನನಗೆ ನಗು ಬಂದಿತ್ತು. ಆದರೆ ಹೆದರಿಕೆ ಅದಕ್ಕಿಂತ ಹೆಚ್ಚಿದ್ದರಿಂದ ನಗಲಿಲ್ಲ.

ನಾನಾಗ ನಿಪ್ಪಾಣಿಯ ಒಂದು ಕನ್ನಡ ಶಾಲೆಯಲ್ಲಿ ಹೊಸ ಶಿಕ್ಷಕಿ. ಅವರು ಚಿಕ್ಕೋಡಿಯಲ್ಲಿ ಶಿಕ್ಷಣಶಾಸ್ತ್ರ ಕಲಿಸುತ್ತಿದ್ದ ಪ್ರೊಫೆಸರರು, ಮೂಲ ಅಥಣಿ ಕಡೆಯ ಒಕ್ಕಲುತನದ ಜೈನ ಮನೆತನ. ಮಕ್ಕಳು ಕೊಟ್ಟ ಉತ್ತರ ನೋಡಿ ಶಿಕ್ಷಕರು ಮರುದಿನದ ಪಾಠವನ್ನು ಬದಲಿಸುತ್ತಾರೋ ಇಲ್ಲವೋ, ಬದಲಿಸಿದರೆ ಹೇಗೆ ಎಂಬುದು ಅವರ ಸಂಶೋಧನೆ. ಅದಕ್ಕಾಗಿ ವಾರಕ್ಕೊಂದು ದಿನ ನನ್ನ ವರ್ಗದಲ್ಲಿ ಬಂದು ಕೂರುತ್ತಿದ್ದರು. ನಾನು ಅವರನ್ನು ತಪಾಸಣೆಗೆ ಬಂದ ಸಾಹೇಬರೆಂದೇ ತಿಳಿದಿದ್ದೆ. ಮೊದಲ ದಿನ ಎಲ್ಲ ಪ್ರಶ್ನೆಗಳನ್ನೂ ವರ್ಗದ ಜಾಣೆಯರಿಬ್ಬರಿಗೇ ಕೇಳಿ, ಅವರು ಪಟಪಟನೆ ಹೇಳಿದ್ದಕ್ಕೆ ಹಿಗ್ಗಿ, ಪ್ರೊಫೆಸರರ ಕಡೆ ನೋಡಿದೆ. ಅವರು ಒಂದಕ್ಷರವನ್ನೂ ಬರೆದುಕೊಂಡಿರಲಿಲ್ಲ.

ಗಂಟೆ ಬಾರಿಸಿದ ಮೇಲೆ ಮೆಲ್ಲಗೆ ಕೇಳಿದರು, “ಗೊತ್ತಿದ್ದವರನ್ನ ಕೇಳಿ ನೀವು ಏನ್ ತಿಳಕೊಂಡ್ರಿ ಟೀಚರ?”

ಅವರ ಹತ್ತಿರ ಹಳೆಯ ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿದ ಒಂದು ಉದ್ದನೆಯ ನೋಟುಬುಕ್ಕಿತ್ತು. ಅದರಲ್ಲಿ ಮಕ್ಕಳ ತಪ್ಪು ಉತ್ತರಗಳನ್ನು ಮಾತ್ರ ಬರೆಯುತ್ತಿದ್ದರು. ಸರಿ ಉತ್ತರಕ್ಕೆ ಅಲ್ಲಿ ಜಾಗವೇ ಇರಲಿಲ್ಲ. “ತಪ್ಪು ಬರದೈತಿ ಅಂದ್ರ ಕೂಸು ಸುಮ್ಮ ಕುಂತಿಲ್ಲ, ಏನೋ ವಿಚಾರ ಮಾಡೇತಿ” ಎನ್ನುತ್ತಿದ್ದರು. ತಪ್ಪು ಮಾಡಿದ ಹುಡುಗಿಯ ಪಕ್ಕ ಕೂತು “ನೀ ಇದನ್ನ ಹೆಂಗ ಮಾಡಿದೆವಾ?” ಎಂದು ಕೇಳಿ, ಅವಳು ಬಾಯಿ ಬಿಡುವವರೆಗೆ ಕಾಯುತ್ತಿದ್ದರು. ಐದು ನಿಮಿಷವಾದರೂ ಸರಿ, ಹತ್ತಾದರೂ ಸರಿ. ಪಾಠ ಮುಗಿಸುವ ಅವಸರದಲ್ಲಿದ್ದ ನನಗೆ ಆ ಕಾಯುವಿಕೆ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಸುಳ್ಳೇಕೆ ಹೇಳಲಿ, ಅವರು ಬರುವ ದಿನ ಬಂತೆಂದರೆ ಬೆಳಿಗ್ಗೆಯಿಂದಲೇ ನನಗೆ ತಲೆನೋವು.

ಒಂದು ವಿಷಯದಲ್ಲಿ ಮಾತ್ರ ಅವರಿಗೂ ಅವಸರವಿತ್ತು. ಹೊತ್ತು ಮುಳುಗಿದ ಮೇಲೆ ಅವರು ಊಟ ಮಾಡುತ್ತಿರಲಿಲ್ಲ, ನೀರನ್ನೂ ಮುಟ್ಟುತ್ತಿರಲಿಲ್ಲ. ಮನೆಯ ಊಟ ಸಿಗಬೇಕಾದರೆ ಸಂಜೆಯ ಚಿಕ್ಕೋಡಿ ಬಸ್ಸು ತಪ್ಪುವಂತಿರಲಿಲ್ಲ. ನಾಲ್ಕೂವರೆಯಾಯಿತೆಂದರೆ ಎಂಥ ಮಾತಿನ ನಡುವೆಯೂ ಎದ್ದು ಚೀಲ ಹೆಗಲಿಗೇರಿಸುತ್ತಿದ್ದರು. ಮಾತು ಬೆಳೆಸುವ ಚಟದ ನಮ್ಮ ಹೆಡ್‌ಮಾಸ್ತರರು ಅರ್ಧ ವಾಕ್ಯದಲ್ಲೇ ಉಳಿದುಬಿಡುತ್ತಿದ್ದರು.

ಆ ವರ್ಷ ಭಾಗಾಕಾರ ಮುಗಿಸಿ ನಾನೊಂದು ಪರೀಕ್ಷೆ ಕೊಟ್ಟೆ. ನನ್ನ ಬಹುಪಾಲು ಹುಡುಗಿಯರದು ಬೀಡಿ ಕಟ್ಟುವವರ ಮನೆ. ಊರಿನ ಉದಾಹರಣೆ ಕೊಟ್ಟರೆ ಪ್ರೊಫೆಸರರು ಮೆಚ್ಚಿಯಾರೆಂದು ಒಂದು ಲೆಕ್ಕ ಹಾಕಿದ್ದೆ: ಒಬ್ಬಾಕೆ ಸಾವಿರ ಬೀಡಿ ಸುತ್ತಿದಳು, ಒಂದು ಕಟ್ಟಿಗೆ ಇಪ್ಪತ್ತೈದು ಬೀಡಿ, ಹಾಗಾದರೆ ಎಷ್ಟು ಕಟ್ಟು? ಉತ್ತರ ನಲವತ್ತು. ಒಂದೇ ಬೆಂಚಿನ ಮೂವರು ಹುಡುಗಿಯರು ಮೂವತ್ತೆಂಟು ಎಂದು ಬರೆದಿದ್ದರು. ಮೂವರೂ ಒಂದೇ ಗಲ್ಲಿಯವರು. ಯಾರ ಹಾಳೆಯಲ್ಲೂ ಲೆಕ್ಕ ಬಿಡಿಸಿದ ಗುರುತಿರಲಿಲ್ಲ.

ಮೂವರ ಹಾಳೆಯ ಮೇಲೂ ಕೆಂಪು ಮಸಿಯಲ್ಲಿ ‘ನಕಲು’ ಎಂದು ಬರೆದೆ. ವರ್ಗದ ಮುಂದೆ ನಿಲ್ಲಿಸಿ, ಯಾರು ಯಾರದನ್ನು ನೋಡಿ ಬರೆದಿರಿ ಎಂದು ಕೇಳಿದೆ. ಇಬ್ಬರು ಅತ್ತರು. ಅಶ್ವಿನಿ ಎಂಬ ಮೂರನೆಯವಳು ಅಳಲಿಲ್ಲ, “ನಾ ನೋಡಿಲ್ರಿ” ಎಂದಷ್ಟೇ ಹೇಳಿದಳು. ಅದು ನನಗೆ ಎದುರುತ್ತರದಂತೆ ಕಂಡಿತು. ಕಳ್ಳತನ ಮಾಡಿದ್ದಲ್ಲದೆ ಸುಳ್ಳು ಬೇರೆ ಹೇಳುತ್ತೀಯಾ, ನಾಳೆ ತಾಯಿಯನ್ನು ಕರೆದುಕೊಂಡು ಬಾ ಎಂದು ಗದರಿದೆ.

ಮರುದಿನ ತಾಯಿಯೂ ಬರಲಿಲ್ಲ, ಅವಳೂ ಬರಲಿಲ್ಲ. ಮೂರನೆಯ ದಿನ ಅವಳ ಗೆಳತಿ ನನ್ನ ಮೇಜಿನ ಹತ್ತಿರ ಬಂದು ಹೇಳಿದಳು, “ಅಕ್ಕೋರ, ಅಶ್ವಿನಿ ಇನ್ನ ಸಾಲಿಗೆ ಬರೂದಿಲ್ಲಂತ್ರಿ. ಅವ್ವನ ಕೂಡ ಎಲಿ ಕತ್ತರಸಾಕ ಕುಂತಾಳ.”

ಬೀಡಿಯ ಎಲೆ ಕತ್ತರಿಸಲು ಕೂತ ಹುಡುಗಿಯರು ಮತ್ತೆ ಶಾಲೆಗೆ ಬರುವುದು ಎಷ್ಟು ಕಷ್ಟವೆಂದು ನಿಪ್ಪಾಣಿಯಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಆದರೂ ಆ ದಿನ ನಾನು ಅವಳ ಮನೆಗೆ ಹೋಗಲಿಲ್ಲ. ಹೋದರೆ ಟೀಚರು ಸೋತಂತೆ ಎಂಬ ಬಿಗುಮಾನ.

ಮರುದಿನ ಪ್ರೊಫೆಸರರು ಬರುವ ದಿನ. ಅವರು ಪರೀಕ್ಷೆಯ ಹಾಳೆ ಕೇಳಿದರು, ಕೊಟ್ಟೆ. ಮೂರು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

“ಇವರ ಬಾಜೂಕ ಯಾರ್ ಕುಂತಿದ್ರು?”

“ವರ್ಗದ ಮೊದಲನೇ ನಂಬರಿನಾಕಿ, ಸರ್.”

“ಆಕಿ ನಲವತ್ತು ಬರದಾಳ. ನಕಲು ಮಾಡೋರು ಆಕೀದು ಬಿಟ್ಟು ಒಬ್ಬರದೊಬ್ಬರು ತಪ್ಪು ಯಾಕ ನಕಲು ಮಾಡ್ಯಾರು?”

ಅವರು ಉಳಿದಿಬ್ಬರು ಹುಡುಗಿಯರನ್ನು ಒಬ್ಬೊಬ್ಬಳನ್ನಾಗಿ ಕರೆದು, ತಮ್ಮ ಹಳೆಯ ಪ್ರಶ್ನೆಯನ್ನೇ ಕೇಳಿ, ಕಾಯುತ್ತ ಕೂತರು. ಮೊದಲನೆಯವಳು ಬೆರಳಿಗೆ ಲಂಗದ ಅಂಚು ಸುತ್ತುತ್ತ ಕೊನೆಗೂ ಹೇಳಿದಳು, “ನಲವತ್ತ ಆಗ್ತಾವ್ರಿ. ಎರಡ ಕಟ್ಟ ಛಾಟಿಗಿ ಹೋಗ್ತಾವ್ರಿ. ಉಳದದ್ದು ಮೂವತ್ತೆಂಟ.” ಎರಡನೆಯವಳೂ ಅದನ್ನೇ ಹೇಳಿದಳು, ಜೊತೆಗೆ, ಇಷ್ಟೂ ಗೊತ್ತಿಲ್ಲವೇ ಎಂಬಂತೆ ನನ್ನ ಮುಖ ನೋಡಿದಳು.

ಛಾಟು ಎಂದರೆ, ಕಾರ್ಖಾನೆಯ ಚೆಕರ್ ಬೀಡಿ ಪರೀಕ್ಷಿಸಿ ಸರಿಯಿಲ್ಲವೆಂದು ಎತ್ತಿ ಪಕ್ಕಕ್ಕೆ ಹಾಕುವ ಮಾಲು. ಆ ಗಲ್ಲಿಯ ಹೆಂಗಸರೆಲ್ಲ ಒಬ್ಬನೇ ಚೆಕರ್‌ಗೆ ಮಾಲು ಕೊಡುವವರು. ಆತ ಸಾವಿರಕ್ಕೆ ಎರಡು ಕಟ್ಟು ತೆಗೆಯುವುದು ರೂಢಿ. ಹುಟ್ಟಿದಾಗಿನಿಂದ ಅದನ್ನೇ ಕೇಳುತ್ತ ಬೆಳೆದ ಮಕ್ಕಳಿಗೆ ಸಾವಿರ ಬೀಡಿ ಎಂದರೆ ಮೂವತ್ತೆಂಟು ಕಟ್ಟು. ಭಾಗಾಕಾರ ಮಾಡಿ, ಅದರ ಮೇಲೊಂದು ವ್ಯವಕಲನವನ್ನೂ ಬಾಯಲ್ಲೇ ಮಾಡಿದ್ದ ಮೂವರನ್ನು ನಾನು ಕಳ್ಳಿಯರೆಂದು ಕರೆದಿದ್ದೆ.

“ಮೂರನೇದಾಕಿ ಎಲ್ಲಿ?” ಎಂದರು ಪ್ರೊಫೆಸರರು. ಹೇಳಿದೆ.

ಅವರು ಬೈಯಲಿಲ್ಲ. ಗಡಿಯಾರವನ್ನೂ ನೋಡಲಿಲ್ಲ. “ನಡೀರಿ” ಎಂದು ಎದ್ದರು.

ಗಲ್ಲಿ ಹುಡುಕಿ ಆ ಮನೆ ಮುಟ್ಟುವಷ್ಟರಲ್ಲಿ ಚಿಕ್ಕೋಡಿ ಬಸ್ಸು ಹೋಗಿಯಾಗಿತ್ತು, ಸೂರ್ಯ ಇಳಿದಿದ್ದ. ಅಶ್ವಿನಿ ನನ್ನನ್ನು ಕಂಡವಳೇ ಒಳಗೆ ಓಡಿದಳು. ತಾಯಿ ತೊಡೆಯ ಮೇಲಿನ ಮೊರ ಕೆಳಗಿಟ್ಟು, “ಯಾ, ಬಸಾ” ಎಂದು ಮರಾಠಿಯಲ್ಲಿ ಕರೆದು ಚಾಪೆ ಹಾಸಿದರು. ದಾರಿಯುದ್ದಕ್ಕೂ ಪ್ರೊಫೆಸರರೇ ಮಾತಾಡಿಬಿಡಲಿ ಎಂದು ನಾನು ಬಯಸಿದ್ದೆ. ಅವರು ಗೋಡೆಗೊರಗಿ ತುಟಿ ಬಿಗಿದು ಕೂತರು. ಕಾಯುವುದರಲ್ಲಿ ಅವರನ್ನು ಗೆದ್ದವರಿಲ್ಲ. ಕಡೆಗೆ ನಾನೇ ಹೇಳಿದೆ, “ನಿಮ್ಮ ಮಗಳು ನಕಲು ಮಾಡಿಲ್ರಿ. ತಪ್ಪು ನಂದು.”

ಆ ತಾಯಿ ಹೇಳಿದರು, “ನನ್ನ ಮಗಳು ಕಳ್ಳಿ ಅಲ್ಲಂತ ನನಗ ಗೊತ್ತಿತ್ರಿ ಅಕ್ಕೋರ. ಖರೆ ಆಕಿಗೆ ಮಂದೀ ಮುಂದ ಮಾರಿ ತೋರಸಾಕ ಆಗವಲ್ದು. ನಾಕು ದಿನ ಆತು, ಸರಿಯಾಗಿ ಉಂಡಿಲ್ಲ.”

“ನಾಳೆ ಮಂದಿ ಮುಂದನ ಹೇಳ್ತೀನ್ರಿ” ಎಂದೆ. ಅಶ್ವಿನಿ ಹೊರಗೆ ಬರಲಿಲ್ಲ.

ಅಷ್ಟರಲ್ಲಿ ತಾಟಿನಲ್ಲಿ ಚುರುಮುರಿ ಬಂತು, ಚಹಾ ಬಂತು. ಪ್ರೊಫೆಸರರು ಮುಟ್ಟಲಿಲ್ಲ. ತಾಯಿಯ ಮುಖ ಸಣ್ಣದಾದದ್ದು ಕಂಡು ಕೂಡಲೇ ಹೇಳಿದರು, “ತಂಗೀ, ಹೊತ್ತು ಮುಳುಗಿದ ಮ್ಯಾಲೆ ನಾವು ಉಣ್ಣೂದಿಲ್ಲ, ಜೈನರು. ನಿನ್ನ ಮನೀದು ಒಲ್ಲೆ ಅನ್ನೂದಲ್ಲ. ಅದನ್ನ ಪುಡಿ ಕಟ್ಟಿ ಕೊಡು, ಮುಂಜಾನೆ ತಿಂತೀನಿ.” ಆಕೆ ಕಾಗದದಲ್ಲಿ ಕಟ್ಟಿ ಕೊಟ್ಟರು. ಅದನ್ನು ಜೋಪಾನವಾಗಿ ಚೀಲಕ್ಕಿಟ್ಟುಕೊಂಡು ಆ ದೊಡ್ಡ ದೇಹದ ಮನುಷ್ಯರು ಖಾಲಿ ಹೊಟ್ಟೆಯಲ್ಲಿ ನಮ್ಮ ಹೆಡ್‌ಮಾಸ್ತರರ ಮನೆಯಲ್ಲಿ ಉಳಿದರು.

ಬೆಳಿಗ್ಗೆ ಪ್ರಾರ್ಥನೆ ಮುಗಿಯಿತು, ಅಶ್ವಿನಿ ಬಂದಿರಲಿಲ್ಲ. ಹಾಜರಿ ಕೂಗಿದೆ, ಬಂದಿರಲಿಲ್ಲ. ಬರದಿದ್ದರೂ ಮಾತು ಕೊಟ್ಟಾಗಿತ್ತು. ಮೂವತ್ತೆಂಟರ ಲೆಕ್ಕವನ್ನು ಹಲಗೆಯ ಮೇಲೆ ಬರೆದು, ಈ ಮೂವರು ನಕಲು ಮಾಡಿಲ್ಲ, ನಾನು ಕೇಳದೆ ತೀರ್ಮಾನ ಮಾಡಿದೆ ಎಂದು ವರ್ಗಕ್ಕೆ ಹೇಳತೊಡಗಿದೆ. ಅರ್ಧ ಹೇಳಿರಬೇಕು, ಬಾಗಿಲಲ್ಲಿ ತಾಯಿ ನಿಂತಿದ್ದರು, ಅವರ ಸೆರಗು ಹಿಡಿದು ಅವಳು. ಹಿಂದಿನ ಬೆಂಚಿನಿಂದ ಪ್ರೊಫೆಸರರು, “ಚುರುಮುರಿ ಭಾಳ ಛಲೋ ಇತ್ತವಾ” ಎಂದರು. ಅವಳ ಮುಖದಲ್ಲಿ ನಗು ಕಂಡಿತು.

ಸೀಮೆಸುಣ್ಣವನ್ನು ಅವಳ ಕೈಗೇ ಕೊಟ್ಟೆ. ನಲವತ್ತು ಬರೆದಳು, ಕೆಳಗೆ ಎರಡು ಬರೆದು ಕಳೆದಳು. “ನಮ್ಮ ಚೆಕರ್ ಮೂರು ತಗೀತಾನ್ರಿ” ಎಂದು ಇನ್ನೊಬ್ಬಳು ಎದ್ದಳು. “ನಮ್ಮ ಗಲ್ಲೀದಾಂವ ಒಂದ” ಎಂದು ಮತ್ತೊಬ್ಬಳು. ಕಟ್ಟಿದ್ದೆಷ್ಟು, ಉಳಿದದ್ದೆಷ್ಟು ಎಂಬ ಎರಡು ಪ್ರಶ್ನೆ ಬೇರೆ ಬೇರೆ ಎಂದು ನಾನು ಹೇಳುವ ಮೊದಲೇ ಹುಡುಗಿಯರೇ ಹೇಳಿದರು. ಅಷ್ಟು ಗದ್ದಲದ, ಅಷ್ಟು ಒಳ್ಳೆಯ ಪಾಠವನ್ನು ನಾನು ಅಲ್ಲಿಯವರೆಗೆ ಮಾಡಿರಲಿಲ್ಲ.

ಮಧ್ಯಾಹ್ನ ಪ್ರೊಫೆಸರರನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಹೋದೆ. ಮನಸ್ಸು ಹಗುರಾಗಿ ವಟವಟ ಮಾತಾಡುತ್ತಿದ್ದೆ. ಅಶ್ವಿನಿ ಬಾರದೇ ಹೋಗಿದ್ದರೆ ಏನು ಮಾಡಬೇಕಿತ್ತು ಸರ್ ಎಂದು ಕೇಳಿದೆ.

“ನಾನೂ ಮಾಸ್ತರಕಿ ಮಾಡೀನಿ, ಕೊಕಟನೂರ ಕಡೆ, ನಿಮ್ಮ ವಯಸ್ಸಿನ್ಯಾಗ” ಎಂದರು. “ಕುರಿ ಕಾಯೋರ ಮನಿ ಹುಡುಗಿ ಒಂದಿತ್ತು. ಎಲ್ಲಾರ ಮುಂದ ಬೈದೆ. ಮರುದಿನ ಬರಲಿಲ್ಲ. ನೀವು ನಾಕು ದಿನಕ್ಕ ಹೋದ್ರಿ. ನಾ ಹೋಗಬೇಕು ಹೋಗಬೇಕು ಅನ್ನೂದ್ರಾಗ ಮೂರು ವರ್ಷ ಹೋದವು. ಅಷ್ಟರಾಗ ಲಗ್ನ ಮಾಡಿ ಕಳಿಸಿದ್ರು. ಆ ಕೂಸು ಏನ್ ಉತ್ತರಾ ಬರದಿತ್ತು ಅಂತನೂ ನನಗ ಗೊತ್ತಿಲ್ಲ. ಕೇಳೇ ಇಲ್ಲ ನಾ.”

ಬಸ್ಸು ಬಂತು. ಬಾಗಿಲಲ್ಲಿ ತಲೆ ತಗ್ಗಿಸಿ ಹತ್ತಿ ಹೋದರು.

ಕಳೆದ ವರ್ಷ ಅವರು ತೀರಿಕೊಂಡರು. ಅಶ್ವಿನಿ ಈಗ ಚಿಕ್ಕೋಡಿಯಲ್ಲಿ ಕಾಲೇಜು ಓದುತ್ತಿದ್ದಾಳೆ. ಸುದ್ದಿ ತಿಳಿದು ಫೋನ್ ಮಾಡಿ ಅತ್ತಳು. ಅವಳಿಗೆ ಆ ಇನ್ನೊಬ್ಬ ಹುಡುಗಿಯ ವಿಷಯ ನಾನು ಹೇಳಿಲ್ಲ. ಆ ಬೆಳಿಗ್ಗೆ ಬಾಗಿಲಲ್ಲಿ ಅವಳನ್ನು ಕಂಡಾಗ ನನ್ನ ಎದೆಯ ಭಾರ ಇಳಿದುಹೋಯಿತು. ಅಂಥ ಒಂದು ಬೆಳಗು ಅವರಿಗೆ ಬದುಕಿನಲ್ಲಿ ಸಿಗಲೇ ಇಲ್ಲ. ತಮಗೆ ಸಿಗದ್ದನ್ನು ಅವರು ಹಸಿದುಕೊಂಡು ನನಗೆ ಕೊಡಿಸಿದರು.