ಆ ರವಿವಾರ ಬಂದು ಕೂತವರು

ದೆವ್ವ, ದರ್ಶನ, ಪವಾಡ ಎಂದವರನ್ನೆಲ್ಲ ನಾನು ಚೇಷ್ಟೆ ಮಾಡಿಕೊಂಡೇ ಬಂದವನು. ಹುಟ್ಟೂರು ಬಾಗಲಕೋಟೆ, ನೌಕರಿ ಬ್ಯಾಂಕಿನಲ್ಲಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಜಾತಿಗೆ ಸೇರಿದವನು. ಹಾಗಾಗಿ ಇದನ್ನು ಬರೆಯಲು ನನಗೇ ಸಂಕೋಚ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಾಸಿಕಕ್ಕೆ ವರ್ಗವಾಗಿ ಬಂದ ಮರುವರ್ಷ ನಮ್ಮ ಒಬ್ಬಳೇ ಮಗಳು ಜ್ವರದಲ್ಲಿ ತೀರಿಕೊಂಡಳು. ಊರಿಂದ ಬಂದ ನೆಂಟರು ಕರ್ಮಾಂತರ ಮುಗಿಸಿ ಹೊರಟುಹೋದರು. ಎಲ್ಲರೂ ನನ್ನ ಹೆಂಡತಿ ಸುಮಿತ್ರಾಳಿಗೆ ಹೇಳಿದ್ದು ಒಂದೇ ಮಾತು: ಅಳಬೇಡ, ಹಣೆಬರಹ, ಗಟ್ಟಿಯಾಗು. ಅವಳು ನಿಜಕ್ಕೂ ಗಟ್ಟಿಯಾಗಿಬಿಟ್ಟಳು. ಹನಿ ಕಣ್ಣೀರಿಲ್ಲ, ಮಾತಿಲ್ಲ, ಊಟವೂ ಇಲ್ಲ. ಮಗಳ ಹಿಂದೆಯೇ ಇವಳೂ ಹೋಗಿಬಿಡುತ್ತಾಳೆಂದು ನನಗೆ ಹೆದರಿಕೆ ಹತ್ತಿತು.

ಪಕ್ಕದ ಕಟ್ಟಡದ ಕೂಲಿಗೆ ಬೀದರ ಕಡೆಯ ಶಾಂತಮ್ಮ ಎಂಬ ಕ್ರೈಸ್ತ ಹೆಂಗಸು ಬರುತ್ತಿದ್ದರು. ನಮ್ಮ ನಳದಲ್ಲಿ ನೀರು ತುಂಬಿಕೊಳ್ಳುವಾಗ ಸುಮಿತ್ರಾಳೊಡನೆ ಕನ್ನಡದಲ್ಲಿ ಹರಟೆ ಹೊಡೆಯುವರು, ಮಗಳನ್ನೂ ಆಡಿಸುವರು. ನೆಂಟರು ಹೋದಮೇಲಿನ ರವಿವಾರ ಮಧ್ಯಾಹ್ನ ಬಾಗಿಲು ಬಡಿದವರು ಅವರೇ. ತೆರೆದವನು ನಾನೇ. ಒಳಗೆ ಬಂದು ಸುಮಿತ್ರಾಳ ಪಕ್ಕ ನೆಲದ ಮೇಲೆ ಕೂತರು. ಅವಳ ಬೆನ್ನು ಸವರಿದರು.

"ಅಳ್ರಿ ಅಕ್ಕಾರ," ಎಂದರು ಆಮೇಲೆ. "ನಮ್ಮ ಯೇಸುಸ್ವಾಮಿನೂ ಗೆಳೆಯಾ ಸತ್ತಾಗ ಅತ್ತಾನ್ರಿ. ಅತ್ರ ತಪ್ಪಿಲ್ರಿ."

ಸುಮಿತ್ರಾ ಅವರ ತೊಡೆಯ ಮೇಲೆ ಬಿದ್ದು ಅತ್ತಳು. ನನಗೂ ತಡೆದುಕೊಳ್ಳಲಾಗಲಿಲ್ಲ. ಶಾಂತಮ್ಮ ಅವಳ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಪ್ರಾರ್ಥನೆ ಮಾಡಿದರು. ನಾನು ಮಾಡಿಕೊಟ್ಟ ಚಹಾ ಕುಡಿದು, ಬಿಸಿಲು ಇಳಿದ ಮೇಲೆ ಎದ್ದು ಹೋದರು. ಅಂದು ಸಂಜೆ ಸುಮಿತ್ರಾ ತಾನಾಗಿಯೇ ಅನ್ನ ಕೇಳಿದಳು.

ಕೆಲವು ದಿನ ಬಿಟ್ಟು, ಧನ್ಯವಾದ ಹೇಳಿಬರೋಣವೆಂದು ಇಬ್ಬರೂ ಕಟ್ಟಡದ ಕಡೆಗೆ ಹೋದೆವು. ನಮ್ಮನ್ನು ಕಂಡವರೇ ಶಾಂತಮ್ಮ ಬುಟ್ಟಿ ಇಳಿಸಿ ಸುಮಿತ್ರಾಳ ಕೈ ಹಿಡಿದುಕೊಂಡರು. ಮಗಳು ಹೋದಮೇಲೆ ಒಮ್ಮೆಯೂ ಬಂದು ಮಾತಾಡಿಸಲಾಗಲಿಲ್ಲ, ಸಿಟ್ಟಾಗಬೇಡಿ ಎಂದರು. ನಾನು ಬೆಪ್ಪಾಗಿ ನಿಂತೆ. ನಾಲ್ಕೈದು ತಾಸಿನ ದಾರಿಯ ಸಂಭಾಜಿನಗರದಲ್ಲಿ ಕೂಲಿಗಿದ್ದ ಅವರ ಮಗ ಕಾಮಾಲೆಯಾಗಿ ತೀರಿಕೊಂಡಿದ್ದನಂತೆ. ಅವನಿಗೆ ಜೋರಾಗಿದೆ ಎಂದು ಹಿಂದಿನ ವಾರ ಶುಕ್ರವಾರ ಹೋದವರು, ನಾವು ಕಾಣಲು ಹೋದ ದಿನವಷ್ಟೇ ಮರಳಿದ್ದರು. ಅದೇ ರವಿವಾರ ಮಧ್ಯಾಹ್ನ ಅಲ್ಲಿ ಮಗನ ಮಣ್ಣು ನಡೆದಿತ್ತು.

"ಮಣ್ಣ ಕೊಡೂ ಹೊತ್ತಿಗೆ ನಿಮ್ಮ ನೆನಪಾತ್ರಿ ಅಕ್ಕಾರ. ನನಗ ಹೋಗಾಕ ಆಗವಲ್ದು, ಯಾರನ್ನರ ಅವರ ಬಾಜೂಕ ಕುಂದರಸು ಸ್ವಾಮಿ ಅಂತ ಬೇಡಿಕೊಂಡೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಸುಮಿತ್ರಾ ಕಣ್ಸನ್ನೆಯಿಂದ ತಡೆದಳು. ಉಸುಕಿನ ಗುಡ್ಡೆಯ ಮೇಲೆ ಅವರ ಪಕ್ಕ ಕೂತು, ಅವರ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು. ಇಬ್ಬರೂ ಅಳುತ್ತಿದ್ದರು. ನಾನು ದೂರ ಸರಿದು ಮೇಸ್ತ್ರಿಯನ್ನು ವಿಚಾರಿಸಿದೆ. ಮಣ್ಣಿಗೆ ತಾನೂ ಶಾಂತಮ್ಮನ ಜೊತೆಗೇ ಇದ್ದೆ, ಅವರು ಸಂಜೆಯವರೆಗೂ ಗೋರಿಯ ಹತ್ತಿರವೇ ಇದ್ದರು ಎಂದ.

ನಮ್ಮ ಮನೆಗೆ ಬಂದು ಚಹಾ ಕುಡಿದು ಹೋದವರು ಯಾರೆಂಬುದು ಇಂದಿಗೂ ನನಗೆ ಬಗೆಹರಿದಿಲ್ಲ. ಹೆಂಡತಿಯನ್ನು ಕೇಳಿದರೆ, ಬಂದಿದ್ದರಲ್ಲ, ಅಷ್ಟು ಸಾಲದೇ ಎನ್ನುತ್ತಾಳೆ. ಸ್ವಂತ ಮಗನ ಮೇಲೆ ಮಣ್ಣು ಹಾಕುವ ಹೊತ್ತಿನಲ್ಲಿ ಆ ತಾಯಿಗೆ ನನ್ನ ಹೆಂಡತಿ ಹೇಗೆ ನೆನಪಾದಳು ಎಂಬುದಂತೂ ಇನ್ನೂ ತಿಳಿಯದು.